ಗಣಿಯಾಳದ ಯಂತ್ರಗಳಿಗೆ ಅರ್ಥಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗಣಿಯೊಳಗೆ ಯಂತ್ರದ ಪಕ್ಕದಲ್ಲೇ ಬಂಡೆಗೆ ಸಲಾಕೆ ಹೊಡೆದು ಅರ್ಥ್ ಕೊಟ್ಟರೆ ಸಾಲದೇ? ಕೇಬಲ್‌ನಲ್ಲೇ ಅರ್ಥ್ ವೈರ್ ಯಾಕೆ ಬೇಕು?

ಉತ್ತರ: ಸಾಲದು. ಲೆಕ್ಕ ಹಾಕಿ ನೋಡಿ. 1,100 ವೋಲ್ಟ್ ಲೈನಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 635 ವೋಲ್ಟ್ ಇರುತ್ತದೆ. ನ್ಯೂಟ್ರಲ್ಲನ್ನು ನೇರವಾಗಿ ಅರ್ಥ್ ಮಾಡಿದ್ದು, ಆ ಕಡೆಯ ರೋಧ 4 ಓಮ್, ಒಣ ಬಂಡೆಯಲ್ಲಿನ ಸಲಾಕೆಯದು 50 ಓಮ್ ಅಂದುಕೊಳ್ಳಿ. ಫೇಸ್ ವೈರ್ ಯಂತ್ರದ ಮೈಗೆ ತಗುಲಿದರೆ ಹರಿಯುವುದು 12 ಆಂಪಿಯರ್‌ನಷ್ಟೇ. 200 ಆಂಪಿಯರ್ ಫ್ಯೂಸ್ ಇದಕ್ಕೆ ಹಾರುವುದಿಲ್ಲ. ಯಂತ್ರದ ಮೈಮೇಲೆ ಮಾತ್ರ 588 ವೋಲ್ಟ್ ಹಾಗೇ ನಿಂತಿರುತ್ತದೆ. ಕೆಸರಲ್ಲಿ ನಿಂತು ಅದನ್ನು ಮುಟ್ಟಿದವನು ಉಳಿಯುವುದು ಕಷ್ಟ.

ಆದ್ದರಿಂದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ಲಿಗೂ ಅರ್ಥ್‌ಗೂ ನಡುವೆ ರೆಸಿಸ್ಟರ್ ಹಾಕುತ್ತಾರೆ. 42 ಓಮ್ ಇದ್ದರೆ ದೋಷದ ಕರೆಂಟ್ 15 ಆಂಪಿಯರ್ ದಾಟದು. ಕೇಬಲ್‌ನೊಳಗಿನ ಅರ್ಥ್ ವೈರಿನ ರೋಧ 1 ಓಮ್ ಆದರೆ ಯಂತ್ರದ ಮೈಗೆ ಬರುವುದು ಬರೀ 15 ವೋಲ್ಟ್. ದೋಷ ಕಂಡೊಡನೆ ಸಪ್ಲೈ ಕಡಿಯುವ ರಿಲೇಯನ್ನು 5 ಆಂಪಿಯರ್‌ಗೇ ಟ್ರಿಪ್ ಆಗುವಂತೆ ಇಡಿ. ರೆಸಿಸ್ಟರ್ ಬಿಡುವ ಕರೆಂಟ್ ಕೇಬಲ್‌ಗಳ ಚಾರ್ಜಿಂಗ್ ಕರೆಂಟಿಗಿಂತ (ಕೇಬಲ್‌ನ ಕೆಪಾಸಿಟೆನ್ಸ್ ಮೂಲಕ ಅರ್ಥ್‌ಗೆ ಹರಿಯುವ ಕರೆಂಟ್) ಹೆಚ್ಚಿರಲೇಬೇಕು, ಇಲ್ಲವಾದರೆ ಕಿಡಿ ಹಾರುವ ದೋಷದಲ್ಲಿ ವೋಲ್ಟೇಜ್ ಏರಿ ಬೇರೆಡೆಯ ಇನ್ಸುಲೇಷನ್ ಸೀಳುತ್ತದೆ. ಇನ್ನು, ರೆಸಿಸ್ಟರೇ ಸುಟ್ಟು ತುಂಡಾದರೆ ರಿಲೇಗೆ ಕರೆಂಟೇ ಸಿಗದು, ದೋಷವಿದ್ದರೂ ಸುಮ್ಮನಿರುತ್ತದೆ. ರೆಸಿಸ್ಟರ್ ಮೇಲೂ ಸದಾ ಕಣ್ಣಿಡುವ ಮಾನಿಟರ್ ಬೇಕೆನ್ನುವುದು ಇದಕ್ಕೇ.

ಪ್ರಶ್ನೆ: ಅರ್ಥ್ ವೈರ್ ತುಂಡಾಗಿದ್ದರೂ ಪೈಲಟ್ ರಿಲೇ (ಕೇಬಲ್‌ನೊಳಗಿನ ಪೈಲಟ್ ಎಂಬ ಇನ್ನೊಂದು ವೈರಿನ ಮೂಲಕ ಕರೆಂಟ್ ಕಳಿಸಿ, ಅರ್ಥ್ ವೈರಿನಲ್ಲಿ ಅದು ಮರಳುತ್ತದೆಯೇ ಎಂದು ನೋಡುವ ರಿಲೇ) ಸರಿಯಿದೆ ಎಂದೇ ತೋರಿಸುತ್ತಿತ್ತು. ಹೇಗೆ?

ಉತ್ತರ: ಟ್ರೇಲಿಂಗ್ ಕೇಬಲ್ (ಯಂತ್ರದ ಜೊತೆ ಎಳೆದಾಡುವ ಕೇಬಲ್) ಮೇಲೆ ಗಾಡಿ ಹತ್ತಿ ಪೈಲಟ್ ವೈರ್ ನಡುವೆಯೇ ಅರ್ಥ್‌ಗೆ ತಗುಲಿಕೊಂಡಿರಬೇಕು. ಸುತ್ತು ಅಲ್ಲೇ ಮುಗಿಯುತ್ತದೆ, ಅದರಾಚೆ ತುಂಡಾದದ್ದು ರಿಲೇಗೆ ತಿಳಿಯುವುದೇ ಇಲ್ಲ. ಯಂತ್ರದ ತುದಿಯಲ್ಲಿ ಪೈಲಟ್‌ಗೂ ಮೈಗೂ ನಡುವೆ ಡಯೋಡ್ ಹಾಕಿ, ಅದನ್ನು ಗುರುತಿಸುವ ರಿಲೇ ಬಳಸಿ. ರಿಲೇ ಎ.ಸಿ. ಕಳಿಸುತ್ತದೆ, ಡಯೋಡ್ ದಾಟಿದರೆ ಅರ್ಧ ಅಲೆಯಷ್ಟೇ ಮರಳುತ್ತದೆ. ನಡುವೆ ಶಾರ್ಟ್ ಆದರೆ ಪೂರ್ತಿ ಅಲೆ, ತುಂಡಾದರೆ ಏನೂ ಇಲ್ಲ. ಎರಡಕ್ಕೂ ಅದು ಟ್ರಿಪ್ ಆಗಬೇಕು.

ಪರೀಕ್ಷಿಸುವಾಗ ಪವರ್ ಸಪ್ಲೈ ಐಸೊಲೇಟ್ ಮಾಡಿ ಬೀಗ ಹಾಕಿ, ಕಂಟ್ರೋಲ್ ಸಪ್ಲೈ ಮಾತ್ರ ಇರಲಿ. ಮೊದಲು ಯಂತ್ರದ ತುದಿಯ ಅರ್ಥ್ ವೈರ್ ಬಿಚ್ಚಿ ನೋಡಿ. ಅದನ್ನು ಮತ್ತೆ ಜೋಡಿಸಿ, ಬಳಿಕ ಪೈಲಟ್ಟನ್ನು ಡಯೋಡ್ ಬಿಟ್ಟು ನೇರ ಅರ್ಥ್‌ಗೆ ಮುಟ್ಟಿಸಿ. ಯಂತ್ರ ಹಳಿಗೋ ನೀರಿನ ಪೈಪಿಗೋ ತಾಗಿಕೊಂಡು ನಿಂತಿದ್ದರೆ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ, ದೂರ ಸರಿಸಿಯೇ ಮಾಡಿ.

ಪ್ರಶ್ನೆ: ಅರ್ಥ್ ದೋಷದ ರಿಲೇಗೆ ಕರೆಂಟ್ ಅಳೆದು ಕೊಡುವ ಉಂಗುರದಂಥ ಸಿ.ಟಿ.ಯೊಳಗೆ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅರ್ಥ್ ವೈರ್ ಕೂಡ ಹಾಯಿಸಬಹುದೇ?

ಉತ್ತರ: ಬೇಡ. ಮೂರು ಫೇಸ್ ಮಾತ್ರ ಹಾಯಲಿ. ದೋಷದ ಕರೆಂಟ್ ಅರ್ಥ್ ವೈರಿನಲ್ಲಿ ಮರಳಿ ಅದೇ ಸಿ.ಟಿ. ಮೂಲಕ ಬಂದರೆ ಒಟ್ಟು ಮೊತ್ತ ಸೊನ್ನೆಯಾಗಿ ರಿಲೇ ಕೆಲಸ ಮಾಡದು. ಕೇಬಲ್‌ನ ಶೀಲ್ಡ್ (ವೈರುಗಳ ಸುತ್ತಲಿನ ಲೋಹದ ಹೊದಿಕೆ) ಸಿ.ಟಿ.ಯೊಳಗೆ ಹಾದುಹೋಗಿದ್ದರೆ ಅದನ್ನು ಮರಳಿ ಸಿ.ಟಿ.ಯೊಳಗಿಂದ ಹಿಂದಕ್ಕೆ ತಂದು, ಆಮೇಲೆ ಅರ್ಥ್‌ಗೆ ಕಟ್ಟಿ.