ಕಾರ್ನೆಲ್ 1977 ಶೋನಲ್ಲಿ ಅಂಥದ್ದೇನಿದೆ, ಶೋ ಅಳೆಯೋದು ಹೇಗೆ: ನನ್ನ ಉತ್ತರ

ನಮಸ್ಕಾರ ಸರ್. ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1977ರ ಮೇ 8ರಂದು ಕಾರ್ನೆಲ್ ಯೂನಿವರ್ಸಿಟಿಯ ಬಾರ್ಟನ್ ಹಾಲ್‌ನಲ್ಲಿ ನುಡಿಸಿದ್ದನ್ನು ಎರಡು ಸಲ ಪೂರ್ತಿ ಕೇಳಿದೆ ಅಂತ ಬರೆದಿದ್ದೀರಿ. "ಚೆನ್ನಾಗಿದೆ, ಆದರೆ ಜನ ತಲೆ ಮೇಲೆ ಹೊತ್ತುಕೊಂಡು ಕುಣಿಯುವಷ್ಟು ಏನಿದೆ? ಒಂದು ಶೋ ಅದ್ಭುತ, ಇನ್ನೊಂದು ಸಾಧಾರಣ ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ?" ಅಂತ ಕೇಳಿದ್ದೀರಿ. ಮೇಲೆ ಕೆಲವರು "ಕೇಳ್ತಾ ಹೋಗಿ, ತಾನಾಗೇ ಗೊತ್ತಾಗುತ್ತೆ" ಅಂದಿದ್ದಾರೆ. ನನಗಂತೂ ತಾನಾಗೇ ಗೊತ್ತಾಗಲಿಲ್ಲ. ಒಬ್ಬರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಅದನ್ನೇ ಇಲ್ಲಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ನ್ಯೂಜೆರ್ಸಿಯಲ್ಲಿ ಕೆಲಸಕ್ಕಿದ್ದಾಗ ಆಫೀಸಿನ ಒಬ್ಬ ಹಿರಿಯರ ಕಾರಿನಲ್ಲಿ ದಿನಾ ಹೋಗಿಬರುತ್ತಿದ್ದೆ. ಕಾರಿನಲ್ಲಿ ಯಾವಾಗಲೂ ಡೆಡ್. ಒಂದು ಸಂಜೆ ಇದೇ ಕಾರ್ನೆಲ್ ಶೋ ಹಾಕಿದ್ದರು. ಎರಡನೇ ಸೆಟ್, ಅಂದರೆ ವಿರಾಮದ ನಂತರದ ಭಾಗ, ಸ್ಕಾರ್ಲೆಟ್ ಬೆಗೋನಿಯಾಸ್ ಹಾಡು. ಸಾಹಿತ್ಯ ಮುಗಿದು ಜಾಮ್, ಅಂದರೆ ಎಲ್ಲರೂ ಸೇರಿ ಮನೋಧರ್ಮದಲ್ಲಿ ನುಡಿಸುವುದು, ನಡೆಯುತ್ತಿತ್ತು. ಅವರು ಸುಮ್ನೆ ಕೇಳಿದರು, "ಈಗ ನಡೀತಿರೋದು ಯಾವ ಹಾಡು?" ನಾನು "ಸ್ಕಾರ್ಲೆಟ್" ಅಂದೆ. ಅವರು ನಕ್ಕು ಒಂದೆರಡು ನಿಮಿಷ ಹಿಂದಕ್ಕೆ ಹಾಕಿದರು. "ಗಿಟಾರ್ ಬಿಡು. ಬಾಸ್ ಒಂದನ್ನೇ ಹಿಡ್ಕೊ" ಅಂದರು. ಹಿಡಿದುಕೊಂಡೆ. ಫಿಲ್ ಲೆಶ್ ಅವರ ಬಾಸ್ ಆಗಲೇ ಮುಂದಿನ ಹಾಡಿಗೆ, ಫೈರ್ ಆನ್ ದ ಮೌಂಟನ್‌ಗೆ, ಕಾಲಿಟ್ಟಾಗಿತ್ತು. ಮೇಲೆ ಜೆರ್ರಿ ಗಾರ್ಸಿಯಾ ಅವರ ಗಿಟಾರ್ ಇನ್ನೂ ಹಳೆ ಹಾಡಿನ ಅಂಗಳದಲ್ಲೇ ಓಡಾಡುತ್ತಿತ್ತು. ಎರಡು ಹಾಡು ಒಂದೇ ಹೊತ್ತಿಗೆ ನಡೆಯುತ್ತಿದ್ದವು, ಒಂದಕ್ಕೊಂದು ತಗಲದ ಹಾಗೆ. ಗೇರ್ ಬದಲಾಯಿಸಿದ್ದೇ ತಿಳಿಯದ ಹಾಗೆ ಬಂಡಿ ಘಾಟಿ ಹತ್ತಿತ್ತು. ಆ ಸಂಜೆ ಅದೇ ಜಾಗವನ್ನು ನಾಲ್ಕು ಸಲ ಕೇಳಿದೆವು.

ಹಾಗಾಗಿ ನನ್ನ ಮೊದಲ ಮಾತು ಇದು. ಸೋಲೋ ಎಷ್ಟು ಜೋರಾಗಿದೆ ಅಂತ ಅಳೆಯಲು ಹೋಗಬೇಡಿ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವ ಜಾಗ ಕೇಳಿ. ಹಾಡುಗಳ ಪಟ್ಟಿಯಲ್ಲಿ ಎರಡು ಹೆಸರುಗಳ ಮಧ್ಯೆ ಬಾಣದ ಗುರುತು ಹಾಕಿರುತ್ತಾರಲ್ಲ, ಅದೇ ಆ ಜಾಗ. ಸೋಲೋಗೆ ಬೆರಳು ಚುರುಕಾಗಿದ್ದರೆ ಸಾಕು. ದಾಟುವುದಕ್ಕೆ ವೇದಿಕೆ ಮೇಲಿರುವ ಎಲ್ಲರ ಕಿವಿಯೂ ತೆರೆದಿರಬೇಕು. ನಮ್ಮ ಕಛೇರಿಯಲ್ಲಿ ಕೀರ್ತನೆ ಗೊತ್ತಿದ್ದೂ ನೆರವಲಿಗೆ, ಸ್ವರಕ್ಕೆ ಕಾಯ್ತೀವಲ್ಲ, ಆ ಕಾಯುವಿಕೆಯೇ ಇಲ್ಲೂ. ಆದರೆ ಅಲ್ಲಿ ಹಾಡುವವರು ದಾರಿ ಹಿಡಿದರೆ ಪಕ್ಕವಾದ್ಯ ಹಿಂದೆ ಬರುತ್ತದೆ. ಇಲ್ಲಿ ಯಾರು ಮುಂದೆ ಅನ್ನೋದೇ ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಸ್ಕಾರ್ಲೆಟ್-ಫೈರ್ ಜೋಡಿ ಹೀಗೆ ಕೂಡಿಕೊಳ್ಳಲು ಕಾರಣವೂ ಇದೆ. ಎರಡೂ ಬಿ ಶ್ರುತಿಯ ಹಾಡುಗಳು. ಫೈರ್ ಹಾಡಿಗೆ ಇರುವುದೇ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಬಿ ಮತ್ತು ಎ. ಸ್ಕಾರ್ಲೆಟ್ ಕೊನೆಯ ಜಾಮ್ ಕೂಡ ಅಲ್ಲೇ ಸುತ್ತುತ್ತದೆ. ಅಂದರೆ ಬಾಗಿಲು ತೆರೆದೇ ಇದೆ, ಯಾವಾಗ ಒಳಗೆ ಹೋಗುವುದು ಅನ್ನುವುದಷ್ಟೇ ಆ ರಾತ್ರಿಯ ತೀರ್ಮಾನ. ಈ ಜೋಡಿಯನ್ನು ಮೊದಲು ನುಡಿಸಿದ್ದು ಅದೇ ವರ್ಷ ಮಾರ್ಚ್ 18ರಂದು, ಸ್ಯಾನ್‌ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ. ಕಾರ್ನೆಲ್ ಹೊತ್ತಿಗೆ ಅದಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟು ಹೊಸ ಜೋಡಿ ಇಷ್ಟು ಹದವಾಗಿ ಬಂದಿದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಈಗ ನಿಮ್ಮ ಅನುಮಾನಕ್ಕೆ ಬರುತ್ತೇನೆ. ಕಾರ್ನೆಲ್ ಹೆಸರು ಮಾಡಿದ್ದು ಬರೀ ನುಡಿಸಾಣಿಕೆಯಿಂದ ಅಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಆ ಟೇಪ್ ಅಷ್ಟು ಚೆನ್ನಾಗಿದೆ. ಅದನ್ನು ಮಾಡಿದವರು ತಂಡದ ಧ್ವನಿಮುದ್ರಣ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್. ಬಾಸ್ ಬೇರೆ, ಎರಡು ಡ್ರಮ್ ಬೇರೆ, ಕೀತ್ ಗಾಡ್‌ಶೋ ಅವರ ಪಿಯಾನೋ ಬೇರೆ, ಎಲ್ಲವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಬೆಟ್ಟಿ ಅವರ ರೀಲುಗಳು ಒಂದು ಗೋದಾಮಿನಲ್ಲಿದ್ದವು. ಬಾಡಿಗೆ ಕಟ್ಟಲಾಗದೆ 1986ರಲ್ಲಿ ಹರಾಜಾಗಿ ಹೋದವು. ಕೊಂಡವರಿಂದ ಅಭಿಮಾನಿಗಳ ಕೈಗೆ ಬಂದು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಊರೆಲ್ಲ ಹರಡಿದವು. ಆಗ ಹೆಚ್ಚಿನವರ ಹತ್ತಿರ ಇದ್ದದ್ದು ಜನರ ಮಧ್ಯೆ ಮೈಕ್ ಹಿಡಿದು ಮಾಡಿದ, ನಾಲ್ಕೈದು ಕೈ ದಾಟಿ ಬಂದ, ಬರೀ ಸುಯ್ ಅನ್ನುವ ಟೇಪ್. ಅಂಥ ಕಿವಿಗೆ ಇದು ಬಿದ್ದಾಗ ಹೇಗಾಗಿರಬೇಡ! ಅಧಿಕೃತವಾಗಿ ಈ ಶೋ ಬಿಡುಗಡೆ ಆದದ್ದು 2017ರಲ್ಲಿ, ನಲವತ್ತು ವರ್ಷ ಆದಮೇಲೆ. ಅದಕ್ಕೂ ಮೊದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತ್ತು.

ಆದ್ದರಿಂದ ಒಂದು ಶೋ ಕೇಳುವ ಮೊದಲು ಟೇಪ್ ಯಾವುದು ಅಂತ ನೋಡಿ. ಸೌಂಡ್‌ಬೋರ್ಡ್ ಅಂದರೆ ಮಿಕ್ಸರ್‌ನಿಂದ ನೇರ ಎಳೆದದ್ದು. ವಾದ್ಯ ಸ್ಪಷ್ಟ, ಆದರೆ ಕೆಲವು ಸಲ ಹಾಲ್ ಖಾಲಿ ಇದ್ದ ಹಾಗೆ ಅನ್ನಿಸುತ್ತದೆ. ಆಡಿಯನ್ಸ್ ಟೇಪಿನಲ್ಲಿ ಜನರ ಉಸಿರು ಇರುತ್ತದೆ, ಬಾಸ್ ಮಸುಕಾಗಿರುತ್ತದೆ. ಎರಡನ್ನೂ ಬೆರೆಸಿ ಮಾಡಿದ್ದಕ್ಕೆ ಮ್ಯಾಟ್ರಿಕ್ಸ್ ಅಂತಾರೆ. ನನ್ನ ಆಯ್ಕೆ ಅದೇ. 1984ರಿಂದ ತಂಡವೇ ಟೇಪ್ ಮಾಡುವವರಿಗೆ ಮಿಕ್ಸರ್ ಹಿಂದೆ ಬೇರೆ ಜಾಗ ಕೊಟ್ಟಿತ್ತು, ಹಾಗಾಗಿ ಆಮೇಲಿನ ವರ್ಷಗಳ ಆಡಿಯನ್ಸ್ ಟೇಪುಗಳಲ್ಲಿ ತುಂಬಾ ಒಳ್ಳೆಯವೂ ಇವೆ. ಟೇಪ್ ಮಸುಕಾಗಿದ್ದರೆ ತಂಡಕ್ಕೆ ಮಾರ್ಕ್ಸ್ ಕಡಿಮೆ ಮಾಡಬೇಡಿ. ಮತ್ತೆ ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ ಸರ್. ಅದರಲ್ಲಿ ಲೆಶ್ ಅವರ ಬಾಸ್ ಬರುವುದೇ ಇಲ್ಲ. ಬಾಸ್ ಇಲ್ಲದೆ ಡೆಡ್ ಕೇಳಿದರೆ ಅರ್ಧ ಮಾತುಕತೆ ಮಾತ್ರ ಕೇಳಿದ ಹಾಗೆ.

ಮುಂದಿನದು ಲಯ. ಕಾರ್ನೆಲ್ ಎರಡನೇ ಸೆಟ್‌ನಲ್ಲಿ ಫೈರ್ ಆದಮೇಲೆ ಎಸ್ಟಿಮೇಟೆಡ್ ಪ್ರಾಫೆಟ್ ಬರುತ್ತದೆ. ಅದು ಏಳರ ಎಣಿಕೆ. ಮಿಶ್ರ ಚಾಪು ಕೇಳಿ ಬೆಳೆದ ನಮಗೆ ಇದು ಕಷ್ಟವಲ್ಲ, ತೊಡೆ ಮೇಲೆ ಕೈ ತಟ್ಟಿಕೊಂಡೇ ಕೇಳಿ. ಡ್ರಮ್ಮರ್‌ಗಳಾದ ಬಿಲ್ ಕ್ರೂಟ್ಸ್‌ಮನ್, ಮಿಕಿ ಹಾರ್ಟ್ ಇಬ್ಬರೂ ಆ ಏಳನ್ನು ಎಷ್ಟು ನಿಧಾನವಾಗಿ ಕೂರಿಸಿದ್ದಾರೆ ನೋಡಿ. ಎಣಿಸದೆ ಕೇಳಿದವರಿಗೆ ಏಳು ಅಂತ ಗೊತ್ತೇ ಆಗುವುದಿಲ್ಲ. ಮಿಕಿ ಹಾರ್ಟ್ ಅಲ್ಲಾ ರಖಾ ಅವರ ಹತ್ತಿರ ಕಲಿತವರು. ಆಮೇಲೆ ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಇವರ ಜೊತೆ 1991ರಲ್ಲಿ ಪ್ಲಾನೆಟ್ ಡ್ರಮ್ ಅನ್ನುವ ಆಲ್ಬಂ ಮಾಡಿದರು. ಹನ್ನೊಂದರ ಎಣಿಕೆಯಲ್ಲಿ ಈ ತಂಡದ ಒಂದು ಹಾಡಿದೆ, ಅದರ ಹೆಸರೇ 'ದ ಇಲೆವೆನ್'. ಹಾಗಾಗಿ ಲಯದ ವಿಷಯದಲ್ಲಿ ನಮ್ಮ ಕಿವಿ ಹೊರಗಿನದಲ್ಲ, ಧೈರ್ಯವಾಗಿ ನಂಬಿ. ಇಬ್ಬರು ಡ್ರಮ್ಮರ್‌ಗಳು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದಾರೋ, ಜಾಗ ಬಿಟ್ಟುಕೊಡುತ್ತಿದ್ದಾರೋ ಅನ್ನುವುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಆಮೇಲೆ ಮೌನ. ಸೆಟ್ ಕೊನೆಯ ಮಾರ್ನಿಂಗ್ ಡ್ಯೂ ಇದಕ್ಕೆ ಒಳ್ಳೆ ಪಾಠ. ಅಣುಯುದ್ಧ ಆದಮೇಲೆ ಉಳಿದವರ ಹಾಡು ಅದು. ಕೊನೆಯ ಜಾಮ್ ಶುರುವಾಗುವ ಮುಂಚೆ ಇಡೀ ತಂಡ ದನಿ ಇಳಿಸುತ್ತದೆ. ಬಹುತೇಕ ನಿಂತೇ ಹೋಯಿತೇನೋ ಅನ್ನಿಸಬೇಕು. ಅಲ್ಲಿಂದ ಗಾರ್ಸಿಯಾ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಕೊನೆಗೆ ತಂತಿಗಳನ್ನು ಬಿಡದೆ ಮೀಟುತ್ತಾ ತುದಿಗೆ ಬರುತ್ತಾರೆ. ತುದಿ ಎಷ್ಟು ಎತ್ತರ ಅನ್ನುವುದು ಅವರು ಎಷ್ಟು ಕೆಳಗಿಂದ ಹೊರಟರು ಅನ್ನುವುದರ ಮೇಲಿದೆ. ಮೊದಲಿಂದಲೂ ಜೋರಾಗಿದ್ದರೆ ಹತ್ತಲು ಏನು ಉಳಿಯುತ್ತದೆ? ಆದ್ದರಿಂದ ತುದಿಗೆ ನೇರ ಹಾರಿ ಕೇಳಬೇಡಿ, ಪೂರ್ತಿ ಸುಮಾರು ಹದಿನಾಲ್ಕು ನಿಮಿಷ ಕೊಡಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ. ಕಾರ್ನೆಲ್‌ನ ಮೊದಲ ಸೆಟ್ ಚೆನ್ನಾಗಿದೆ, ಅಷ್ಟೆ. ಕೊನೆಯ ಡಾನ್ಸಿಂಗ್ ಇನ್ ದ ಸ್ಟ್ರೀಟ್ ಬಿಟ್ಟರೆ ಅದಕ್ಕಾಗಿ ಯಾರೂ ರಾತ್ರಿ ನಿದ್ದೆ ಕೆಡಬೇಕಿಲ್ಲ. ಮರುದಿನ ಮೇ 9ರಂದು ಬಫಲೋದಲ್ಲಿ ನುಡಿಸಿದ ಮೊದಲ ಸೆಟ್ ಇದಕ್ಕಿಂತ ಮೇಲು. ಅಲ್ಲಿ ಶುರುವೇ ಹೆಲ್ಪ್ ಆನ್ ದ ವೇ, ಸ್ಲಿಪ್‌ನಾಟ್, ಫ್ರಾಂಕ್ಲಿನ್ಸ್ ಟವರ್ ಅನ್ನುವ ಮೂರು ಹಾಡು ಒಂದರ ಹಿಂದೆ ಒಂದು. ಮಧ್ಯದ ಸ್ಲಿಪ್‌ನಾಟ್ ಎಷ್ಟು ಬಿಗಿ ಅಂದರೆ ಸಣ್ಣ ಎಡವಟ್ಟಾದರೂ ಎದ್ದು ಕಾಣುತ್ತದೆ. ಅದನ್ನು ಸಭೆ ಕೂತುಕೊಳ್ಳುವ ಮೊದಲೇ ಎತ್ತಿಕೊಂಡು ದಾಟಿದ್ದಾರೆ. ಎರಡನೇ ಸೆಟ್‌ಗೆ ಮಾತ್ರ ನಾನು ಕಾರ್ನೆಲ್ ಪಕ್ಷವೇ.

ಒಂದು ಶೋ ಮಾತ್ರ ಕೇಳಿ ತೀರ್ಪು ಕೊಡಬಾರದು ಅನ್ನುವುದು ಇದಕ್ಕೇ. ಮೇ 5 ನ್ಯೂಹೇವನ್, 7 ಬಾಸ್ಟನ್, 8 ಕಾರ್ನೆಲ್, 9 ಬಫಲೋ. ಈ ನಾಲ್ಕೂ 2017ರಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬಂದಿವೆ. ಅದೇ ಜನ, ಅದೇ ವಾರ, ಹೆಚ್ಚುಕಡಿಮೆ ಅದೇ ಹಾಡುಗಳು. ಒಂದರ ಪಕ್ಕ ಒಂದಿಟ್ಟು ಕೇಳಿದರೆ ಯಾವುದು ಅಭ್ಯಾಸದ ಬಲ, ಯಾವುದು ಆ ರಾತ್ರಿ ಮಾತ್ರ ಹುಟ್ಟಿದ್ದು ಅಂತ ಬೇರೆ ಮಾಡಬಹುದು.

ವರ್ಷದಿಂದ ವರ್ಷಕ್ಕೆ ತಕ್ಕಡಿಯೂ ಬೇರೆ ಇಟ್ಟುಕೊಳ್ಳಿ. 1972ರ ಆಗಸ್ಟ್ 27ರಂದು ಓರೆಗಾನ್‌ನ ವೆನೀಟಾದಲ್ಲಿ ಒಂದು ಹಾಲಿನ ಡೈರಿಗೆ ಹಣ ಕೂಡಿಸಲು ನುಡಿಸಿದ ಶೋ ಇದೆ. ಬಯಲಿನಲ್ಲಿ ಸುಡು ಬಿಸಿಲು. ಗಿಟಾರುಗಳು ಶ್ರುತಿ ಬಿಟ್ಟು ಹೋಗುತ್ತಲೇ ಇದ್ದವು. 1977ರ ಅಚ್ಚುಕಟ್ಟನ್ನು ಅಲ್ಲಿ ಹುಡುಕಿದರೆ ವೆನೀಟಾ ಫೇಲ್. ಆದರೆ ಅಲ್ಲಿನ ಡಾರ್ಕ್ ಸ್ಟಾರ್ ಅನ್ನುವ ಹಾಡು ಅರ್ಧ ಗಂಟೆ ನಡೆಯುತ್ತದೆ. ಆಗ ಹಾರ್ಟ್ ತಂಡದಲ್ಲಿರಲಿಲ್ಲ, ಡ್ರಮ್ಮರ್ ಒಬ್ಬರೇ. ಆ ಹಗುರದಿಂದಾಗಿ ತಂಡ ಕಣ್ಣು ಮಿಟುಕಿಸುವಷ್ಟರಲ್ಲಿ ದಿಕ್ಕು ಬದಲಿಸುತ್ತದೆ. 1977ರ ತಂಡಕ್ಕೆ ಅದು ಬರುತ್ತಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾವಿಗೂ ಹಲಸಿಗೂ ಒಂದೇ ಬೆಲೆ ಕಟ್ಟಿದ ಹಾಗೆ.

ಕೇಳುವುದು ಅಂದರೇನು ಅಂತ ಇನ್ನೂ ಹತ್ತಿರದಿಂದ ನೋಡಬೇಕಾದರೆ 1990ರ ಮಾರ್ಚ್ 29ರ ಶೋ ಕೇಳಿ, ನ್ಯೂಯಾರ್ಕ್ ಬಳಿಯ ನಸಾವ್ ಕೊಲಿಸಿಯಂನದು. ಸ್ಯಾಕ್ಸೊಫೋನಿನ ಬ್ರಾನ್‌ಫರ್ಡ್ ಮಾರ್ಸಾಲಿಸ್ ಅತಿಥಿ. ಮೊದಲ ಸೆಟ್‌ನಲ್ಲಿ ಬರ್ಡ್ ಸಾಂಗ್‌ಗೆ ಬಂದರು, ಎರಡನೇ ಸೆಟ್‌ನಲ್ಲೂ ಉಳಿದರು. ಐಸ್ ಆಫ್ ದ ವರ್ಲ್ಡ್ ಕೇಳಿ. ಗಾರ್ಸಿಯಾ ಒಂದು ಸಣ್ಣ ತುಣುಕು ಬಿಡುತ್ತಾರೆ, ಮಾರ್ಸಾಲಿಸ್ ಅದನ್ನು ಎತ್ತಿಕೊಂಡು ಬೇರೆ ಮಾಡಿ ವಾಪಸ್ ಕೊಡುತ್ತಾರೆ. ಹೊಸಬರು ಒಳಗೆ ಬಂದಾಗ ಹಳಬರು ಜಾಗ ಮಾಡಿಕೊಟ್ಟ ರೀತಿಯೇ ಆ ಶೋದ ಬೆಲೆ.

ತಪ್ಪುಗಳ ವಿಷಯ ಚಿಕ್ಕದು. ಸಾಲು ಮರೆತರು, ಕಾರ್ಡ್ ತಪ್ಪಿತು ಅಂತ ಮಾರ್ಕ್ಸ್ ಕಳೆಯಬೇಡಿ. ತಪ್ಪಾದ ಮೇಲಿನ ಎಂಟು ಹತ್ತು ಸೆಕೆಂಡ್ ಕೇಳಿ. ಉಳಿದವರು ಕೈ ಹಿಡಿದು ಎತ್ತಿದರಾ, ಎಲ್ಲರೂ ಒಟ್ಟಿಗೆ ಬಿದ್ದರಾ? ಒಟ್ಟಿಗೆ ಬಿದ್ದರೆ ಮಾತ್ರ ಕಳೆಯಿರಿ.

ಇನ್ನೊಂದು ಎಚ್ಚರ. ನೀವೇ ಹೋಗಿ ನೋಡಿದ ಶೋ ಇದ್ದರೆ ಒಂದು ತಿಂಗಳು ಬಿಟ್ಟು ಟೇಪ್ ಕೇಳಿ. ನಾನು 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇದೇ ರೀತಿ ಜಾಮ್ ಮಾಡುವ ಫಿಶ್ ಅನ್ನುವ ಇನ್ನೊಂದು ತಂಡದ ಒಂದು ರಾತ್ರಿಗೆ ಹೋಗಿದ್ದೆ. ಅವರು 13 ರಾತ್ರಿ ಒಂದು ಹಾಡನ್ನೂ ಮತ್ತೆ ಹಾಡದೆ ನುಡಿಸಿದ ಸರಣಿ ಅದು. ಒಂದು ಜಾಮ್‌ನಲ್ಲಿ ದೀಪಗಳು ಒಟ್ಟಿಗೆ ಕೆಳಗಿಳಿದು, ಪಕ್ಕದ ಅಪರಿಚಿತರು ನನ್ನ ಭುಜ ಹಿಡಿದುಕೊಂಡರು. ಜೀವನದಲ್ಲಿ ಕೇಳಿದ ಅತಿ ದೊಡ್ಡ ಜಾಮ್ ಅಂತಲೇ ಮನೆಗೆ ಬಂದೆ. ಆಮೇಲೆ ಟೇಪ್ ಕೇಳಿದರೆ ಅದು ಒಳ್ಳೆಯ ಜಾಮ್, ಆದರೆ ನನ್ನನ್ನು ಅಲ್ಲಾಡಿಸಿದ್ದರಲ್ಲಿ ಅರ್ಧ ಪಾಲು ಆ ಬೆಳಕಿನದು, ಆ ಜನರದು. ಅದು ಸುಳ್ಳಲ್ಲ, ಆ ರಾತ್ರಿಯ ನಿಜವೇ. ಅದನ್ನು ಬೇರೆ ಕಾಲಂನಲ್ಲಿ ಬರೆದುಕೊಳ್ಳಬೇಕು ಅಷ್ಟೆ.

ಹೌದು, ನಾನು ಬರೆದುಕೊಳ್ಳುತ್ತೇನೆ. ಹಾಳೆಯ ಎಡಗಡೆ ನಿಮಿಷ, ನಡುವೆ ಯಾರು ಮೊದಲು ತಿರುಗಿದರು, ಬಲಗಡೆ ಉಳಿದವರು ಎಷ್ಟು ಹೊತ್ತಿಗೆ ಬಂದು ಸೇರಿದರು. ಮೊದಲ ಸಲ ಏನೂ ಬರೆಯಬೇಡಿ, ಸುಮ್ನೆ ಕೇಳಿ. ಎರಡನೇ ಸಲ ಬಾಸ್ ಹಿಡಿದುಕೊಂಡು ಬರೆಯಿರಿ. ಮೂರನೇ ಸಲ ಬಾಬ್ ವಿಯರ್ ಅವರ ಗಿಟಾರ್. ಅವರು ಗಾರ್ಸಿಯಾ ಬಿಟ್ಟ ಸಂದುಗಳಲ್ಲಿ ನುಡಿಸುತ್ತಾರೆ, ಅದಕ್ಕೇ ಮೊದಲ ಸಲಕ್ಕೆ ಕಾಣುವುದಿಲ್ಲ. ಕಂಡ ಮೇಲೆ ಬಿಡುವುದಿಲ್ಲ.

ಈ ಭಾನುವಾರ ಸಮಯ ಇದ್ದರೆ ಕಾರ್ನೆಲ್‌ನ ಸ್ಕಾರ್ಲೆಟ್-ಫೈರ್ ಒಂದನ್ನೇ ತೆಗೆದುಕೊಳ್ಳಿ, ಸುಮಾರು 26 ನಿಮಿಷ. ಒಳ್ಳೆ ಇಯರ್‌ಫೋನ್ ಹಾಕಿ. ಬಾಸ್ ಯಾವ ನಿಮಿಷಕ್ಕೆ ದಾಟಿತು, ಗಾರ್ಸಿಯಾ ಯಾವಾಗ ಹಿಂದೆ ಬಂದರು ಅಂತ ಇಲ್ಲಿ ಬರೆಯಿರಿ. ನನ್ನ ಹಾಳೆಯ ಫೋಟೋ ನೀವು ಬರೆದ ಮೇಲೆ ಹಾಕುತ್ತೇನೆ. ಮೊದಲೇ ಹಾಕಿದರೆ ನಿಮ್ಮ ಕಿವಿ ನನ್ನ ನಿಮಿಷವನ್ನೇ ಹುಡುಕುತ್ತದೆ, ಅಲ್ವಾ.