ಭಾನುವಾರದ ಮಾತ್ರೆ

ಗುರುತಾಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅರವತ್ತೆರಡು ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ಮಗನೊಂದಿಗೆ ನನ್ನ ಬಳಿ ಬರುವ ಹೊತ್ತಿಗೆ, ಮೇಲ್ದವಡೆಯ ಹಿಂಭಾಗದಲ್ಲಿ ಮೂಳೆ ಕಸಿ (ದವಡೆಗೆ ಮೂಳೆಯಂಥ ಪುಡಿ ತುಂಬುವುದು) ಮಾಡಿಸಿ, ಆರೇಳು ತಿಂಗಳು ಬಿಟ್ಟು ಇಂಪ್ಲಾಂಟ್ (ದವಡೆಯ ಮೂಳೆಗೆ ತಿರುಪಿನಂತೆ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿ ಮುಂಗಡವನ್ನೂ ಕಟ್ಟಿಯಾಗಿತ್ತು. ತಾಯಿಯ ಹೆದರಿಕೆಯನ್ನು ಬಿಡಿಸಿ ಎಂಬುದಷ್ಟೇ ಮಗನ ಕೋರಿಕೆ. ಹೆದರಿಕೆಗೆ ಕಾರಣವಿದೆಯೇ ಎಂದು ನೋಡದೆ ಅದನ್ನು ಬಿಡಿಸಲು ಹೊರಡುವುದು ತಪ್ಪೆಂದು ನಾನು ನಂಬಿದ್ದೇನೆ.

ಸೇವಿಸುವ ಔಷಧಿಗಳನ್ನು ಕೇಳಿದಾಗ ಮೊದಲು ರಕ್ತದೊತ್ತಡದ ಮಾತ್ರೆಯನ್ನಷ್ಟೇ ಹೇಳಿದರು. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್ ಏನಾದರೂ ಉಂಟೇ ಎಂದು ಬಿಡಿಸಿ ಕೇಳಿದ ಮೇಲೆ, ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಕೂರಬೇಕಾದ ಮಾತ್ರೆಯೊಂದು ನೆನಪಾಯಿತು. ಅದು ಮೂಳೆ ಟೊಳ್ಳಾಗುವುದನ್ನು ತಡೆಯಲು ವಾರಕ್ಕೊಮ್ಮೆ ಕೊಡುವ 70 ಮಿಲಿಗ್ರಾಂನ ಅಲೆಂಡ್ರೊನೇಟ್. ಐದು ವರ್ಷದಿಂದ ನಡೆದಿತ್ತು. “ಮೂಳೆ ಗಟ್ಟಿಯಾಗಲೆಂದು ಕೊಟ್ಟದ್ದಲ್ಲವೇ ಮೇಡಂ, ಕಸಿ ಇನ್ನೂ ಚೆನ್ನಾಗಿ ಕೂರುತ್ತದೆ ಅಂದುಕೊಂಡಿದ್ದೆ” ಎಂದರು.

ಈ ತಿಳಿವಳಿಕೆ ಸಹಜವಾದದ್ದು, ಆದರೆ ಅಪಾಯಕಾರಿ. ಹಳೆಯ ಮೂಳೆ ಕರಗಿ ಹೊಸದು ಬೆಳೆಯುತ್ತಾ ಹೋದರೆ ಮಾತ್ರ ಕಸಿ ದವಡೆಯೊಂದಿಗೆ ಒಂದಾಗುತ್ತದೆ. ಈ ಔಷಧಿ ಆ ಕರಗುವಿಕೆಯನ್ನೇ ತಡೆಯುತ್ತದೆ ಮತ್ತು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಪರೂಪಕ್ಕೆ, ಶಸ್ತ್ರಚಿಕಿತ್ಸೆಯಾದ ಜಾಗದ ಗಾಯ ಮಾಯದೆ ದವಡೆಯ ಮೂಳೆಯೇ ಸತ್ತು ಹೊರಗೆ ಕಾಣುವುದುಂಟು. ಮಾತ್ರೆ ನುಂಗುವವರಲ್ಲಿ ಈ ಸಂಭವ ಕಡಿಮೆಯಾದರೂ ಸೇವನೆಯ ಅವಧಿ ಹೆಚ್ಚಿದಂತೆ ಅದೂ ಹೆಚ್ಚುತ್ತದೆ ಎಂಬುದನ್ನು ಅವರಿಂದ ಮುಚ್ಚಿಡಲಿಲ್ಲ. ಮೇಲ್ದವಡೆಯ ಮೇಲಿನ ಗಾಳಿಗೂಡಾದ ಸೈನಸ್‌ನ ತೆಳುಪೊರೆ ಹರಿಯುವುದು, ಸೋಂಕು, ಕಸಿ ಹಿಡಿಯದಿರುವುದು ಇವು ಯಾರಿಗಾದರೂ ಇರುವ ಅಪಾಯಗಳು.

ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು, ಬೆನ್ನುಮೂಳೆ ಅಥವಾ ಸೊಂಟ ಮುರಿದರೆ ಕಷ್ಟ ಇನ್ನೂ ದೊಡ್ಡದು ಎಂದು ಮೊದಲು ಹೇಳಿದೆ. ಹಳೆಯ ಚೀಟಿಗಳನ್ನೆಲ್ಲ ದಂತವೈದ್ಯರಿಗೆ ತೋರಿಸಿ, ಮಾತ್ರೆ ಬರೆದ ವೈದ್ಯರೊಂದಿಗೆ ಅವರು ನೇರವಾಗಿ ಮಾತನಾಡುವವರೆಗೆ ದಿನಾಂಕವನ್ನು ಮುಂದೂಡಲು ತಿಳಿಸಿದೆ. ಕಸಿಯಿಲ್ಲದೆ ಕೂರುವ ಗಿಡ್ಡ ಇಂಪ್ಲಾಂಟ್ ಅಥವಾ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ ಸಾಕಾಗುವುದೇ ಎಂದು ಕೇಳಲೂ ಸೂಚಿಸಿದೆ. ಕಸಿಯ ಪುಡಿ ಯಾವುದರಿಂದ ಮಾಡಿದ್ದೆಂಬುದನ್ನೂ ವಿಚಾರಿಸುವಂತೆ ಹೇಳಿದೆ, ಏಕೆಂದರೆ ದನದ ಮೂಳೆಯಿಂದ ತಯಾರಾದದ್ದು ಹೆಚ್ಚು ಬಳಕೆಯಲ್ಲಿದೆ, ಇವರು ಕಟ್ಟಾ ಸಸ್ಯಾಹಾರಿ. ಕೃತಕ ಪುಡಿಯೂ ಇದೆ.

ಮಗ ಬಹಳ ಹೊತ್ತು ಸುಮ್ಮನಿದ್ದು, “ಅಮ್ಮ, ನಿನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ” ಎಂದರು. ಇಬ್ಬರು ವೈದ್ಯರೂ ಮಾತನಾಡಿಕೊಂಡ ಮೇಲೆ ಆಕೆ ತೆಗೆದು ಮತ್ತೆ ಹಾಕಿಕೊಳ್ಳುವ ಸೆಟ್ಟನ್ನೇ ಆರಿಸಿಕೊಂಡರು.