ಮಾರಮ್ಮನ ಈರುಳ್ಳಿ

ಪತ್ರ: ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಮೊದಲ ಸಲ ಹೋಗಿದ್ದೆ. ಜನ ದೇವಿಯ ಕಡೆ ಈರುಳ್ಳಿ ತೂರುತ್ತಾರೆ. ಎಲ್ಲ ಕಾಲಡಿ ಸಿಕ್ಕು ಹಾಳು. ಅದನ್ನು ಅನಾಥಾಲಯಕ್ಕೆ ಕೊಡಬಾರದೇ? ಇದು ಭಕ್ತಿಯೋ, ದಂಡವೋ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಜಾತ್ರೆಗೆ ಹೋಗಿ, ನೋಡಿ, ಆಮೇಲೆ ಬರೆದಿದ್ದೀರಿ. ಮನೆಯಲ್ಲೇ ಕೂತು ಬೈಯುವವರ ನಡುವೆ ಅಷ್ಟು ಮಾಡಿದ್ದಕ್ಕೇ ಖುಷಿ. ತುಳಿದ ಈರುಳ್ಳಿ ಯಾರ ಹೊಟ್ಟೆಗೂ ಸೇರುವುದಿಲ್ಲ, ನಿಜ. ಅಲ್ಲಿ ಕೆಲವರು ಕೋಳಿಯನ್ನೂ ತೂರುತ್ತಾರೆ, ಅದು ನನಗೂ ಹಿಡಿಸುವುದಿಲ್ಲ.

ಆದರೆ ನೀವು ಹೋದ ಕಾಲ ಎಂಥದ್ದು ಗೊತ್ತಾ? ಜಾತ್ರೆ ಭಾದ್ರಪದದ ಮೊದಲ ಮಂಗಳವಾರ. ಗೌರಸಮುದ್ರ ಇರುವ ಚಳ್ಳಕೆರೆ ಸೀಮೆಯಲ್ಲಿ ಆಗ ಕೆಲವರು ಈರುಳ್ಳಿ ಕೀಳಲು ಶುರು ಮಾಡಿರುತ್ತಾರೆ. ಉಳಿದವರದು ಇನ್ನೂ ಹೊಲದಲ್ಲೇ ಗಡ್ಡೆ ಕಟ್ಟುತ್ತಿರುತ್ತದೆ. ಮೊದಲೇ ಮಳೆ ಕಡಿಮೆಯ ತಾಲ್ಲೂಕು. ಬಂದ ಮಳೆ ಬಿಡದೆ ಹಿಡಿದರೆ ಕೊಳೆ ರೋಗ. ಗರಿ ಸುರುಳಿ ಸುತ್ತಿದರೆ ತಿರುಗುಣಿ ರೋಗ. ಬೀಜ, ಗೊಬ್ಬರ, ಕಳೆ ಕೂಲಿ ಎಲ್ಲದಕ್ಕೂ ದುಡ್ಡು ಸುರಿದಾಗಿದೆ, ಕೈಗೆ ಒಂದು ರೂಪಾಯಿ ಬಂದಿಲ್ಲ. ಅಂಥ ಹೊತ್ತಲ್ಲಿ ಮಾರಮ್ಮ ಜಾತ್ರೆ ಸೇರುವ ತುಮ್ಮಲು ಎಂಬ ಜಾಗಕ್ಕೆ ಬರುತ್ತಾಳೆ. ಬೆಳೆಗೆ ರೋಗ ಬಾರದಿರಲಿ ತಾಯಿ ಅಂತ ನಾಲ್ಕು ಗಡ್ಡೆ ತೂರುತ್ತಾರೆ. ಬೆಳೆ ವಿಮೆಯ ಕಂತಿಗಿಂತ ಇದು ಅಗ್ಗ, ಬಿಡಿ.

ಒಮ್ಮೆ ಆ ನೂಕುನುಗ್ಗಲಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ನಿಂತಿದ್ದಳು. ಚೀಲದಿಂದ ಒಂದೊಂದೇ ಗಡ್ಡೆ ತೆಗೆದು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಗಟ್ಟಿ ಇದ್ದರೆ ಅಮ್ಮನ ಕಡೆ. ಮೆತ್ತಗಿದ್ದರೆ ವಾಪಸ್ ಚೀಲಕ್ಕೆ. ಯಾಕಜ್ಜಿ ಅಂದೆ. 'ಅದು ನಮ್ ಸಾರಿಗೆ ಆಗ್ತೈತೆ ಬಿಡಪ್ಪ' ಅಂದಳು. ದಂಡ ಅನ್ನುವ ಮಾತನ್ನು ಆಕೆಯ ಮುಂದೆ ಆಡಲು ನನಗಂತೂ ಬಾಯಿ ಬರುವುದಿಲ್ಲ.

ಅನಾಥಾಲಯದ ಯೋಚನೆ ಒಳ್ಳೆಯದೇ. ನಮ್ಮೂರಿನ ಕಲ್ಯಾಣ ಮಂಟಪಗಳಿಂದ ಶುರು ಮಾಡೋಣ, ಅಲ್ವಾ? ಅರ್ಧ ತಿಂದ ಹೋಳಿಗೆ, ಮುಟ್ಟದ ಪಲಾವು ಎಲೆ ಸಮೇತ ತೊಟ್ಟಿಗೆ ಹೋಗುವುದನ್ನು ನೀವೂ ನೋಡಿರುತ್ತೀರಿ. ಅದರ ಬಗ್ಗೆ ನನಗೆ ಪತ್ರ ಬರುವುದಿಲ್ಲ.

ಇನ್ನೊಂದಕ್ಕೂ ಬರುವುದಿಲ್ಲ. ದರ ಬಿದ್ದಾಗ ಕಿತ್ತ ಕೂಲಿ, ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ ಅಂತ ರೈತರು ಬೆಳೆದ ಈರುಳ್ಳಿಯ ಮೇಲೇ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಎಕರೆಗಟ್ಟಲೆ ಮಣ್ಣುಪಾಲು. ದರ ಏರಿದರೋ, ಟೀವಿಯಲ್ಲಿ ಒಂದೇ ಬೊಬ್ಬೆ. 2023ರ ಆಗಸ್ಟಿನಲ್ಲಿ ರಫ್ತಿಗೆ ಶೇ 40 ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ಬಂದ್. ನಮ್ಮ ಸಾಂಬಾರ್ ಅಗ್ಗವಾಗಲಿ ಅಂತ ಅವರ ಗಂಟಿಗೆ ಕೈ ಹಾಕಿದ್ದು. ಆಗ ಯಾರೂ ಅದನ್ನು ಮೂಢನಂಬಿಕೆ ಅನ್ನಲಿಲ್ಲ.

ನೀವು ಚೆನ್ನಾಗಿ ಬರೆಯುತ್ತೀರಿ. ಮುಂದಿನ ಸಲ ದರ ಬಿದ್ದಾಗ ಸುಮ್ನೆ ಒಂದು ಬೆಳಿಗ್ಗೆ ಎಪಿಎಂಸಿಗೆ ಹೋಗಿ ಬಂದು, ಅಲ್ಲಿ ಕಂಡದ್ದನ್ನೂ ಬರೆಯಿರಿ. ಒಂದು ಪುಟ ಪೂರ್ತಿ ಕೊಡುತ್ತೇನೆ.